ಸುಮ್ಮನಿದ್ದರೆ ಒಪ್ಪಿದ ಹಾಗೆಯೇ? ಪತ್ರಿಕಾ ಚಂದಾ ನವೀಕರಣ ಕುರಿತ ಒಂದು ಪಾಠ

ತರಗತಿ: 10
ವಿಷಯ: ಸಮಾಜ ವಿಜ್ಞಾನ (ವ್ಯವಹಾರ ಅಧ್ಯಯನ)
ಘಟಕ: ಗ್ರಾಹಕ ಶಿಕ್ಷಣ ಮತ್ತು ಸಂರಕ್ಷಣೆ
ಅವಧಿ: 45 ನಿಮಿಷಗಳ ಎರಡು ತರಗತಿಗಳು

ಅಭ್ಯಾಸ ಬೋಧನೆಗೆಂದು ತಲ್ಲೂರು ಸಮೀಪದ ಪ್ರೌಢಶಾಲೆಗೆ ಹೋದಾಗ ನನ್ನ ಪಾಲಿಗೆ ಬಂದದ್ದು ಗ್ರಾಹಕ ಸಂರಕ್ಷಣೆಯ ಘಟಕ. ತೂಕದಲ್ಲಿ ಮೋಸ, ಕಲಬೆರಕೆ, ಅವಧಿ ಮೀರಿದ ಔಷಧ ಮುಂತಾದ ಉದಾಹರಣೆಗಳನ್ನು ಮಕ್ಕಳು ನಿದ್ದೆಯಲ್ಲಿಯೂ ಹೇಳಬಲ್ಲರು. ಅವರಿಗೆ ಹೊಸತೆನಿಸುವ ಒಂದು ಪ್ರಸಂಗ ಬೇಕಿತ್ತು. ಅದು ನಮ್ಮ ಮನೆಯಲ್ಲಿಯೇ ನಡೆದಿತ್ತು.

ನನ್ನ ದೊಡ್ಡಪ್ಪನಿಗೆ ಛಾಯಾಗ್ರಹಣದ ಹುಚ್ಚು. ಬೆಳಿಗ್ಗೆ ಹೊಳೆಬದಿಗೆ ಹೋಗಿ ಕೊಕ್ಕರೆ, ಮಿಂಚುಳ್ಳಿಗಳ ಚಿತ್ರ ತೆಗೆಯುವುದು ನಿವೃತ್ತಿಯ ಮೇಲಿನ ಅವರ ಕೆಲಸ. ಒಂದು ಇಂಗ್ಲಿಷ್ ಛಾಯಾಗ್ರಹಣ ಮಾಸಪತ್ರಿಕೆ ಮೊಬೈಲಿನಲ್ಲಿ ಮೂರು ತಿಂಗಳಿಗೆ 99 ರೂಪಾಯಿಗೆ ಸಿಗುತ್ತದೆಂದು ಚಂದಾ ಮಾಡಿಸಿಕೊಂಡರು. ನಾಲ್ಕನೆಯ ತಿಂಗಳು ಅವರ ಪಿಂಚಣಿ ಖಾತೆಯಿಂದ 1,899 ರೂಪಾಯಿ ಹೋಯಿತು. "ನಾನ್ ಎಂತದೂ ಒತ್ಲಿಲ್ಲ ಹೆಣ್ಣೆ, ಮತ್ತೆ ದುಡ್ಡ್ ಹ್ಯಾಂಗ್ ಹೋಯ್ತ್?" ಎಂದು ಅವರು ಕೇಳಿದ ಪ್ರಶ್ನೆಯನ್ನೇ ಪಾಠದ ಪೀಠಿಕೆ ಮಾಡಿಕೊಂಡೆ.

ಪೂರ್ವಜ್ಞಾನ ಪರೀಕ್ಷೆಗೆ "ನಿಮ್ಮ ಮನೆಗೆ ಯಾವ ಪತ್ರಿಕೆ ಬರುತ್ತದೆ? ಹಣ ಹೇಗೆ ಕೊಡುತ್ತೀರಿ?" ಎಂದು ಕೇಳಿದೆ. ಮಣಿಪಾಲದಿಂದ ಬರುವ ತರಂಗ, ತುಂತುರು ಹೆಸರು ಬಂದವು. ಹಣ ಪೇಪರ್ ಹಾಕುವವರಿಗೆ ತಿಂಗಳ ಕೊನೆಗೆ. ಚಂದಾ ಎಂಬ ಪದ ಅರ್ಧ ತರಗತಿಗೆ ಹೊಸತು. ಆದ್ದರಿಂದ ಮೊದಲಿನ ಕ್ರಮ ವಿವರಿಸಬೇಕಾಯಿತು. ವರ್ಷದ ಚಂದಾ ಮುಗಿಯುವ ಸಂಚಿಕೆಯಲ್ಲಿ "ಇಲ್ಲಿಗೆ ನಿಮ್ಮ ಚಂದಾ ಮುಗಿಯಿತು" ಎಂಬ ಚೀಟಿ ಇರುತ್ತಿತ್ತು. ಓದುಗ ಮನಿಯಾರ್ಡರ್ ಮಾಡಿದರೆ ಪತ್ರಿಕೆ ಮುಂದುವರಿಯುತ್ತಿತ್ತು, ಸುಮ್ಮನಿದ್ದರೆ ನಿಲ್ಲುತ್ತಿತ್ತು. 1877ರಲ್ಲಿ ನಮ್ಮ ಅಂಚೆ ಇಲಾಖೆ ತಂದ ವಿ.ಪಿ.ಪಿ.ಯಲ್ಲಿಯೂ ಅಷ್ಟೆ. ಅಂಚೆಯಣ್ಣ ಕಟ್ಟು ಹಿಡಿದು ಬಾಗಿಲಿಗೆ ಬಂದಾಗ ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ಬೇಡವೆಂದರೆ ಅದು ಬಂದ ದಾರಿಯಲ್ಲೇ ಹಿಂತಿರುಗುತ್ತದೆ.

ಅಲ್ಲಿಂದ ದೊಡ್ಡಪ್ಪನ ಕಥೆಗೆ ಬಂದೆ. ಹೇಳುತ್ತ ಹೇಳುತ್ತ ನನಗೇ ಸಿಟ್ಟು ಬಂದು ಕಪ್ಪುಹಲಗೆಯಲ್ಲಿ ದೊಡ್ಡದಾಗಿ "ಮೋಸ" ಎಂದು ಬರೆದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಒಟಿಪಿ ಒತ್ತಿದ್ದ್ ಯಾರ್ ಟೀಚರ್?"

ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಒತ್ತಿದ್ದು ನಾನೇ. ದೊಡ್ಡಪ್ಪನಿಗೆ ಕನ್ನಡಕ ಸಿಕ್ಕಿರಲಿಲ್ಲ, ನನಗೆ ಬಸ್ಸಿಗೆ ಹೊತ್ತಾಗಿತ್ತು. ಪರದೆಯ ಮೇಲೆ 99 ಎಂಬ ಅಂಕಿಯನ್ನಷ್ಟೇ ನೋಡಿ ಒತ್ತಿಕೊಟ್ಟಿದ್ದೆ. ಹಾಗೆಂದು ಹೇಳಿದೆ. ತರಗತಿ ನಕ್ಕಿತು, ಆಮೇಲೆ ಸುಮ್ಮನಾಯಿತು. "ಮೋಸ" ಎಂಬುದನ್ನು ಅಳಿಸಿ ಅಲ್ಲಿ "ಒಪ್ಪಿಗೆ?" ಎಂದು ಬರೆದೆ. ನಿಜವಾದ ಪಾಠ ಆರಂಭವಾದದ್ದು ಆಗ ಎಂದು ನನ್ನ ಅನಿಸಿಕೆ.

ಹಲಗೆಯನ್ನು ಎರಡು ಭಾಗ ಮಾಡಿ ಒಂದು ಕಡೆ ವಿ.ಪಿ.ಪಿ., ಇನ್ನೊಂದು ಕಡೆ ಆಟೋಪೇ ಎಂದು ಬರೆದು, ಎರಡಕ್ಕೂ ಒಂದೇ ಪ್ರಶ್ನೆ ಕೇಳಿದೆ: ನೀವು ಏನೂ ಮಾಡದೆ ಕುಳಿತರೆ ಏನಾಗುತ್ತದೆ? ಮೊದಲನೆಯದರಲ್ಲಿ ಪತ್ರಿಕೆ ಹೋಗುತ್ತದೆ, ಹಣ ಉಳಿಯುತ್ತದೆ. ಎರಡನೆಯದರಲ್ಲಿ ಪತ್ರಿಕೆ ಬರುತ್ತದೆ, ಹಣ ಹೋಗುತ್ತದೆ.

ಹಾಗಾದರೆ ಸುಮ್ಮನಿರುವುದು ಒಪ್ಪಿಗೆಯೇ? ಇದಕ್ಕೆ ಇಂಗ್ಲೆಂಡಿನ 1862ರ ಒಂದು ಪ್ರಕರಣದ ಕಥೆ ಹೇಳಿದೆ. ಫೆಲ್ಟ್‌ಹೌಸ್ ಎಂಬವರು ಸೋದರಳಿಯನ ಕುದುರೆಗೆ 30 ಪೌಂಡ್ 15 ಶಿಲಿಂಗ್ ಬೆಲೆ ಕಟ್ಟಿ, ನಿನ್ನಿಂದ ಉತ್ತರ ಬಾರದಿದ್ದರೆ ಕುದುರೆ ನನ್ನದೆಂದು ತಿಳಿಯುವೆ ಎಂದು ಪತ್ರ ಬರೆದರು. ಅಳಿಯ ಉತ್ತರಿಸಲಿಲ್ಲ. ಹರಾಜಿನವನು ತಪ್ಪಿ ಆ ಕುದುರೆಯನ್ನು ಬೇರೆಯವರಿಗೆ ಮಾರಿದ. ಮಾವ ದಾವೆ ಹೂಡಿ ಸೋತರು. ಮೌನದಿಂದ ಒಪ್ಪಂದ ಆಗದು ಎಂದಿತು ನ್ಯಾಯಾಲಯ. ಮಕ್ಕಳಿಗೆ ಬಹಳ ಹಿಡಿಸಿತು. "ಹಾಂಗಾರೆ ನಿಮ್ಮ ದೊಡ್ಡಪ್ಪ ಗೆದ್ರ್" ಎಂದ ಒಬ್ಬ.

ಅಷ್ಟು ಸುಲಭವಿಲ್ಲ. ಅಳಿಯ ಮೊದಲು ಏನನ್ನೂ ಒಪ್ಪಿರಲಿಲ್ಲ. ನಾವು ಮೊದಲ ದಿನವೇ ಒಟಿಪಿ ಒತ್ತಿ, ಮುಂದಿನ ಕಂತುಗಳನ್ನು ಕೇಳದೆಯೇ ತೆಗೆದುಕೊಳ್ಳಿ ಎಂಬ ಅನುಮತಿ ಕೊಟ್ಟಿದ್ದೆವು. ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ಇ-ಮ್ಯಾಂಡೇಟ್ ಎನ್ನುತ್ತಾರೆ. ಇನ್ನೊಬ್ಬ ಹುಡುಗ ಬಿಡಲಿಲ್ಲ: "ಒಪ್ಪಿದ್ದ್ ತೊಂಬತ್ತೊಂಬತ್ತ್ ರೂಪಾಯಿಗ್ ಅಲ್ದಾ?" ಒಳ್ಳೆಯ ವಾದ. ಉತ್ತರವಾಗಿ, ಒಟಿಪಿಗೆ ಮುಂಚೆ ಬರುವ ಪುಟದ ಮಾದರಿಯನ್ನು ಹಲಗೆಯಲ್ಲಿ ಬಿಡಿಸಿದೆ. ಇಂದಿನ ಮೊತ್ತ ದಪ್ಪಕ್ಷರದಲ್ಲಿ. ಅದರ ಕೆಳಗೆ ಸಣ್ಣಕ್ಷರದಲ್ಲಿ ಗರಿಷ್ಠ ಮೊತ್ತ, ಎಷ್ಟು ಕಾಲಕ್ಕೊಮ್ಮೆ, ಕೊನೆಯ ದಿನಾಂಕ. ಒತ್ತುವ ಮೊದಲು ಓದಬೇಕಾದದ್ದು ಈ ಕೆಳಗಿನ ಮೂರು ಸಾಲುಗಳನ್ನು.

ಎರಡನೆಯ ಅವಧಿಗೆ ದೊಡ್ಡಪ್ಪನ ಫೋನಿಗೆ ಬಂದಿದ್ದ ಸಂದೇಶವನ್ನು, ಹೆಸರು ಸಂಖ್ಯೆಗಳನ್ನು ಬದಲಿಸಿ, ಮಿಂಚುಪಟ್ಟಿಯಲ್ಲಿ ಬರೆದು ಒಯ್ದೆ. ಹೌದು, ಸಂದೇಶ ಬಂದಿತ್ತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ಹೀಗೆ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಯಾರಿಗೆ, ಎಷ್ಟು, ಯಾವ ದಿನ ಎಂದು ತಿಳಿಸಬೇಕು. ಆ ಕಡಿತವನ್ನಾಗಲಿ ಇಡೀ ಮ್ಯಾಂಡೇಟನ್ನಾಗಲಿ ಬೇಡವೆನ್ನುವ ಅವಕಾಶ ಕೊಡಬೇಕು. ಈ ವ್ಯವಸ್ಥೆ 2021ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿ ನಡೆಯುತ್ತಿದೆ. ಒಟಿಪಿ ಇಲ್ಲದೆ ಹೋಗಬಹುದಾದ ಕಂತಿನ ಮಿತಿ ಮೊದಲು 5,000 ರೂಪಾಯಿ ಇದ್ದದ್ದು 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ದೊಡ್ಡಪ್ಪ ಆ ಸಂದೇಶವನ್ನು ಸಾಲ ಕೊಡುತ್ತೇವೆ ಎಂಬ ಜಾಹೀರಾತುಗಳ ಜೊತೆ ಸೇರಿಸಿ ಬಿಟ್ಟಿದ್ದರು. ಇಂಗ್ಲಿಷಿನಲ್ಲಿತ್ತು ಬೇರೆ. ಪಟ್ಟಿಯನ್ನು ಗುಂಪುಗಳಿಗೆ ಕೊಟ್ಟು ಹಣ, ದಿನ, ಹೆಸರು ಹುಡುಕಿಸಿದೆ. ಒಂದು ಗುಂಪಿಗೆ ಆರು ನಿಮಿಷ ಬೇಕಾಯಿತು. ದೊಡ್ಡಪ್ಪನನ್ನು ಮನಸ್ಸಿನಲ್ಲೇ ಕ್ಷಮಿಸಿದೆ.

ನಿಲ್ಲಿಸುವ ಕ್ರಮವನ್ನು ಪಾತ್ರಾಭಿನಯದ ಮೂಲಕ ಮಾಡಿಸಿದೆ. ಮಕ್ಕಳಲ್ಲಿ ಬಹುತೇಕರು ಆ್ಯಪ್ ಅಳಿಸಿದರೆ ಚಂದಾ ನಿಲ್ಲುತ್ತದೆ ಎಂದೇ ತಿಳಿದಿದ್ದರು. ನಿಲ್ಲುವುದಿಲ್ಲ. ಯುಪಿಐ ಮೂಲಕ ಕೊಟ್ಟಿದ್ದರೆ ಅದೇ ಆ್ಯಪಿನ ಆಟೋಪೇ ಅಥವಾ ಮ್ಯಾಂಡೇಟ್ ವಿಭಾಗದಲ್ಲಿ ಪಿನ್ ಹಾಕಿ ರದ್ದು ಮಾಡಬೇಕು. ಕಾರ್ಡಾದರೆ ಬ್ಯಾಂಕಿನ ಮೂಲಕ. ಪ್ಲೇ ಸ್ಟೋರಿನಿಂದ ಕೊಂಡಿದ್ದರೆ ಅಲ್ಲಿಯೇ ಚಂದಾಗಳ ಪಟ್ಟಿ ಇದೆ. ಜೊತೆಗೆ ಪತ್ರಿಕೆಯವರಿಗೂ ಬೇಡವೆಂದು ಬರೆದು ಅದರ ಪ್ರತಿ ಇಟ್ಟುಕೊಳ್ಳಬೇಕು. ಆದರೆ ಮ್ಯಾಂಡೇಟ್ ರದ್ದಾದರೆ ಮುಂದಿನ ಹಣ ಉಳಿಯುತ್ತದೆ ಅಷ್ಟೆ. ಹೋದದ್ದು ತಾನಾಗಿ ಬರುವುದಿಲ್ಲ. ಅದಕ್ಕೆ ಕೇಳಬೇಕು.

ಕೇಳುವ ಜಾಗ ಎಲ್ಲಿ? ಮೊದಲು ಪತ್ರಿಕೆಯವರಲ್ಲಿ, ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ, ಕನ್ನಡದಲ್ಲಿಯೂ ಮಾತನಾಡಬಹುದು. ಅದು ನ್ಯಾಯಾಲಯವಲ್ಲ, ಕಂಪನಿಗೆ ದೂರು ಮುಟ್ಟಿಸಿ ರಾಜಿ ಮಾಡಿಸಲು ನೋಡುತ್ತದೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪತ್ರಿಕೆ ದೆಹಲಿಯದ್ದಾದರೂ ತಲ್ಲೂರಿನವರಿಗೆ ಉಡುಪಿ ಸಾಕು. ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ 13 ಬಗೆಯ ಮರೆಮೋಸಗಳನ್ನು ಪಟ್ಟಿ ಮಾಡಿದೆ. ಚಂದಾ ರದ್ದು ಮಾಡುವ ಗುಂಡಿಯನ್ನು ಅಡಗಿಸುವುದು, ರದ್ದತಿಯನ್ನು ಬೇಕೆಂದೇ ಸುತ್ತುಬಳಸು ಮಾಡುವುದು, ಉಚಿತ ಎಂದು ಹೇಳಿ ಕಾರ್ಡಿನ ವಿವರ ಕೇಳುವುದು ಅದರಲ್ಲಿ ಒಂದು ಬಗೆ. ನಾನು ಹದಿಮೂರನ್ನೂ ಬರೆಸಲು ಹೋದೆ. ಗಂಟೆ ಬಾರಿಸಿತು.

ಮಾರ್ಗದರ್ಶಕ ಶಿಕ್ಷಕರ ಹಿಮ್ಮಾಹಿತಿಯೂ ಅದನ್ನೇ ಹೇಳಿತು: ಪಟ್ಟಿ ಹೆಚ್ಚಾಯಿತು. ಕುದುರೆಯ ಕಥೆಯೂ ಅಗತ್ಯವಿರಲಿಲ್ಲ ಎಂದರು. ಪಟ್ಟಿಯ ವಿಷಯದಲ್ಲಿ ಒಪ್ಪುತ್ತೇನೆ. ಕುದುರೆಯನ್ನು ಮುಂದಿನ ಸಲವೂ ಉಳಿಸಿಕೊಳ್ಳುವೆ. ಒಪ್ಪಿಗೆಗೂ ಮೌನಕ್ಕೂ ಇರುವ ಅಂತರ ಮಕ್ಕಳಿಗೆ ತಿಳಿದದ್ದು ಆ ಎರಡು ಕಥೆಗಳನ್ನು ಹೋಲಿಸಿದಾಗ.

ಗೃಹಪಾಠವಾಗಿ, ಮನೆಯ ಹಿರಿಯರ ಜೊತೆ ಕುಳಿತು ಫೋನಿನ ಆಟೋಪೇ ವಿಭಾಗ ನೋಡಿ ಬರಲು ಹೇಳಿದ್ದೆ. ಖಾತೆ ಸಂಖ್ಯೆ, ಪಿನ್, ಮೊತ್ತ ಯಾವುದನ್ನೂ ಬರೆದು ತರಬಾರದು, ಇದೆಯೋ ಇಲ್ಲವೋ ಎಂದಷ್ಟೇ. ಮರುದಿನ ಮೂವರು "ಇತ್ತ್" ಎಂದರು. ಒಬ್ಬಳ ಅಪ್ಪ ಬೆಂಗಳೂರಿನ ಹೋಟೆಲಿನಲ್ಲಿದ್ದಾರೆ, ಫೋನ್ ಅಮ್ಮನ ಬಳಿ ಇರುತ್ತದೆ. ತಮ್ಮನ ಆಟದ ಆ್ಯಪಿಗೆ ತಿಂಗಳು ತಿಂಗಳು ಹಣ ಹೋಗುತ್ತಿತ್ತಂತೆ. ಅಮ್ಮನಿಗೆ ಹೇಳಿಕೊಟ್ಟು ತಾನೇ ನಿಲ್ಲಿಸಿಸಿದಳಂತೆ. ಒಟಿಪಿ ಯಾರು ಒತ್ತಿದ್ದೆಂದು ಕೇಳಿದ ಹುಡುಗಿ ಅವಳೇ.

ದೊಡ್ಡಪ್ಪನ ದೂರಿಗೆ ಪತ್ರಿಕೆಯವರು ಹಣ ಹಿಂದಿರುಗಿಸಲಾಗದು, ವರ್ಷವಿಡೀ ಸಂಚಿಕೆ ಓದಬಹುದು ಎಂದು ಉತ್ತರಿಸಿದ್ದಾರೆ. 1915ಕ್ಕೆ ಕೊಟ್ಟ ದೂರು ಇನ್ನೂ ಮುಗಿದಿಲ್ಲ. ಮ್ಯಾಂಡೇಟ್ ರದ್ದಾಗಿದೆ, ಈ ಸಲ ಪಿನ್ ಅವರೇ ಒತ್ತಿದರು, ಕನ್ನಡಕ ಹಾಕಿಕೊಂಡು.