ಚರ್ಚೆಗೆ ದಿನ ಗೊತ್ತು ಮಾಡುವುದೆಂದರೆ

ಲಂಡನ್ನಿನಲ್ಲಿ ಸಂಸದರೊಬ್ಬರ ಕಚೇರಿಯಲ್ಲಿ ಕೆಲಸ ಮಾಡಿದಷ್ಟು ಕಾಲವೂ ಯುರೋಪಿನ ವಿಷಯ ನಮ್ಮನ್ನು ಬಿಡಲಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಬ್ರಿಟನ್ನಿನ ಪಾತ್ರವೇನು ಎಂಬ ಚರ್ಚೆ ಯಾವ ದಿನ, ಎಷ್ಟು ಹೊತ್ತು, ಯಾವ ನಿರ್ಣಯದ ಮೇಲೆ ನಡೆಯುತ್ತದೆ ಎಂದು ತಿಳಿದುಕೊಂಡು ಟಿಪ್ಪಣಿ ಸಿದ್ಧಪಡಿಸುವುದು ನನ್ನ ಪಾಲಿಗೆ ಬಂದಿತ್ತು. ಆಗ ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಗುರುವಾರ ಬೆಳಿಗ್ಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಕಾಮನ್ಸ್ ಸಭೆಯಲ್ಲಿ ಮುಂದಿನ ವಾರದ ಕಲಾಪವನ್ನು ಸಭಾನಾಯಕರು ಓದಿ ಹೇಳುವುದು ಅಂದೇ. ಸೋಮವಾರ ಇಂಥದ್ದು, ಮಂಗಳವಾರ ಇಂಥದ್ದು ಎಂದು ಓದಿ ಕೂರುತ್ತಾರೆ. ಆಮೇಲೆ ಸದಸ್ಯರು ಒಬ್ಬೊಬ್ಬರಾಗಿ ಎದ್ದು ತಮ್ಮ ವಿಷಯಕ್ಕೊಂದು ಚರ್ಚೆ ಕೇಳುತ್ತಾರೆ. ಹೆಚ್ಚಿನವರಿಗೆ ನಯವಾದ ಉತ್ತರ ಸಿಗುತ್ತದೆ, ದಿನ ಸಿಗುವುದಿಲ್ಲ. ಆದರೂ ಕೇಳಲೇಬೇಕು. ಬೇರೆ ಬೇರೆ ಪಕ್ಷದವರು ವಾರವಾರವೂ ಒಂದೇ ವಿಷಯ ಎತ್ತಿದರೆ ಸಚೇತಕರು ಕಿವಿಗೊಡುತ್ತಾರೆ.

2. ಸಮಯದ ಯಜಮಾನಿಕೆ ಸರ್ಕಾರದ್ದು. 14ನೇ ಸ್ಥಾಯಿ ನಿಯಮದ ಪ್ರಕಾರ ಸರ್ಕಾರಿ ಕಲಾಪಕ್ಕೇ ಆದ್ಯತೆ. ನಮ್ಮ ವಿಧಾನಸಭೆಯಲ್ಲಿ ಪಕ್ಷಗಳ ಮುಖಂಡರು ಕೂತು ಮಾತಾಡಲು ಕಲಾಪ ಸಲಹಾ ಸಮಿತಿಯಾದರೂ ಇದೆ. ಕಾಮನ್ಸ್ ಸಭೆಯಲ್ಲಿ ಎರಡೂ ಕಡೆಯ ಸಚೇತಕರು ತಮ್ಮತಮ್ಮಲ್ಲೇ ಮುಗಿಸಿಬಿಡುತ್ತಾರೆ. 2010ರಲ್ಲಿ ಸಾಮಾನ್ಯ ಸದಸ್ಯರಿಗೆಂದು ಒಂದು ಸಮಿತಿ ಬಂತು, ಕೆಲವು ದಿನಗಳೂ ಸಿಕ್ಕವು. ಅದರ ಜೊತೆಗೇ ಯುರೋಪಿಯನ್ ಕೌನ್ಸಿಲ್ ಶೃಂಗಸಭೆಗೆ ಮುನ್ನ ಸರ್ಕಾರ ತನ್ನ ಸಮಯದಲ್ಲಿ ನಡೆಸುತ್ತಿದ್ದ ಚರ್ಚೆಯನ್ನೂ ಆ ಸಮಿತಿಯ ತಲೆಗೆ ಕಟ್ಟಲಾಯಿತು. ಇದು ನ್ಯಾಯವಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಪ್ರಧಾನಿ ಬ್ರಸೆಲ್ಸ್‌ಗೆ ಹೊರಡುವ ಮುನ್ನ ಸದನದ ಮಾತು ಕೇಳುವುದು ಸರ್ಕಾರದ ಹೊಣೆಯಾಗಿತ್ತು.

3. ಮೊದಲು ಚರ್ಚೆ, ನಡುವೆ ಬಿಡುವು, ಆಮೇಲೆ ಮತ. ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಕಂಡಿಲ್ಲ. 1971ರ ಜುಲೈನಲ್ಲಿ ಎಡ್ವರ್ಡ್ ಹೀತ್ ಸರ್ಕಾರ ಯುರೋಪಿಯನ್ ಸಮುದಾಯ ಸೇರುವ ಬಗ್ಗೆ ಶ್ವೇತಪತ್ರ ಹೊರಡಿಸಿತು. ಆ ತಿಂಗಳೇ ಸದನದಲ್ಲಿ ಚರ್ಚೆಯಾಯಿತು, ಸೇರಬೇಕೇ ಬೇಡವೇ ಎಂದು ಮತಕ್ಕೆ ಹಾಕಲಿಲ್ಲ. ಬೇಸಿಗೆ ರಜೆಯಲ್ಲಿ ಸದಸ್ಯರು ಕ್ಷೇತ್ರಕ್ಕೆ ಹೋಗಿ ಜನರನ್ನು ಕೇಳಿಬಂದರು. ಅಕ್ಟೋಬರ್ 21ರಿಂದ 28ರವರೆಗೆ ಆರು ದಿನ ಮತ್ತೆ ಚರ್ಚೆ. ಹೀತ್ ತಮ್ಮ ಪಕ್ಷದವರಿಗೆ ಆತ್ಮಸಾಕ್ಷಿಯಂತೆ ಮತ ಹಾಕಲು ಬಿಟ್ಟರು. ಪರ 356, ವಿರುದ್ಧ 244. ಲೇಬರ್ ಪಕ್ಷದ 69 ಮಂದಿ ತಮ್ಮ ವಿಪ್ ಮೀರಿ ಪರವಾಗಿ ನಿಂತರು, ಆಡಳಿತ ಪಕ್ಷದ 39 ಮಂದಿ ವಿರುದ್ಧ ಹೋದರು. ಯೋಚಿಸಲು ಪುರುಸೊತ್ತು ಸಿಕ್ಕಿದ್ದರಿಂದಲೇ ಇದು ಸಾಧ್ಯವಾಯಿತೆಂದು ನನ್ನ ನಂಬಿಕೆ.

4. ವಿಷಯದ ಹೆಸರು ನೋಡಿ ಸುಮ್ಮನಾಗಬೇಡಿ, ನಿರ್ಣಯದ ಒಕ್ಕಣೆ ಓದಿ. 2014ರ ನವೆಂಬರ್ 10ರಂದು ಯುರೋಪಿಯನ್ ಬಂಧನ ವಾರಂಟಿನ ಮೇಲೆ ಮತದಾನ ಎಂದೇ ಎಲ್ಲರೂ ಭಾವಿಸಿದ್ದರು. ಸದನದ ಮುಂದೆ ಬಂದ ನಿರ್ಣಯದಲ್ಲಿ ಆ ವಾರಂಟ್ ಇರಲೇ ಇಲ್ಲ! ಸ್ಪೀಕರ್ ಜಾನ್ ಬರ್ಕೊ ಸಿಟ್ಟಾದರು, ಸಂಜೆಯೆಲ್ಲ ಜಗಳದಲ್ಲೇ ಕಳೆಯಿತು. ಅಂದಿನಿಂದ ಕಲಾಪ ಪಟ್ಟಿಯ ಪ್ರತಿ ಸಾಲನ್ನೂ ಪೆನ್ಸಿಲ್ ಹಿಡಿದೇ ಓದುವುದು ನನಗೆ ರೂಢಿಯಾಯಿತು.

5. ಪ್ರಕಟವಾದ ದಿನವೂ ಕೈಕೊಡಬಹುದು. 2018ರ ಡಿಸೆಂಬರ್‌ನಲ್ಲಿ ಒಕ್ಕೂಟದಿಂದ ಹೊರಬರಲು ಪ್ರಧಾನಿ ಥೆರೆಸಾ ಮೇ ಮಾಡಿಕೊಂಡಿದ್ದ ಒಪ್ಪಂದಕ್ಕೆ ಐದು ದಿನದ ಚರ್ಚೆ ಗೊತ್ತಾಗಿತ್ತು. ಮೂರು ದಿನ ನಡೆದು 164 ಸದಸ್ಯರು ಮಾತಾಡಿದ ಮೇಲೆ, ಮತದಾನದ ಹಿಂದಿನ ದಿನ ಸರ್ಕಾರ ಎಲ್ಲವನ್ನೂ ಮುಂದೂಡಿತು. ಜನವರಿ 15ರಂದು ಮತಕ್ಕೆ ಹಾಕಿದಾಗ 202ಕ್ಕೆ 432ರಂತೆ ಸೋತಿತು. ಮುಂದೂಡಿದ್ದರಿಂದ ಏನೂ ದಕ್ಕಲಿಲ್ಲ.

6. ಮಸೂದೆಗೆ ಹೂಂ ಅಂದವರು ಅವಸರಕ್ಕೂ ಹೂಂ ಅನ್ನಬೇಕಿಲ್ಲ. 2019ರ ಅಕ್ಟೋಬರ್ 22ರಂದು ಒಕ್ಕೂಟದಿಂದ ಹೊರಬರುವ ಬಗ್ಗೆ ಪ್ರಧಾನಿ ಬೋರಿಸ್ ಜಾನ್ಸನ್ ತಂದ ಮಸೂದೆಗೆ ಎರಡನೇ ವಾಚನದಲ್ಲಿ 329–299ರ ಒಪ್ಪಿಗೆ ಸಿಕ್ಕಿತು. ಕೆಲವೇ ನಿಮಿಷಗಳಲ್ಲಿ, ಅದನ್ನು ಮೂರು ದಿನದಲ್ಲಿ ಮುಗಿಸುವ ವೇಳಾಪಟ್ಟಿಯನ್ನು ಅದೇ ಸದನ 322–308ರಿಂದ ತಳ್ಳಿಹಾಕಿತು. ನನ್ನ ಮಟ್ಟಿಗೆ ಸದನ ತನ್ನ ಕರ್ತವ್ಯ ನೆನೆದ ಸಂಜೆ ಅದು.

7. ಗಡುವು ಹತ್ತಿರವಾದಷ್ಟೂ ಚರ್ಚೆ ಕುಗ್ಗುತ್ತದೆ. ಬ್ರಿಟನ್–ಯುರೋಪ್ ವ್ಯಾಪಾರ ಒಪ್ಪಂದ ಕುದುರಿದ್ದು 2020ರ ಡಿಸೆಂಬರ್ 24ರಂದು. ಸಾವಿರಕ್ಕೂ ಹೆಚ್ಚು ಪುಟದ ಆ ಒಪ್ಪಂದವನ್ನು ಜಾರಿಗೆ ತರುವ ಮಸೂದೆ ಡಿಸೆಂಬರ್ 30ರ ಒಂದೇ ದಿನದಲ್ಲಿ ಎರಡೂ ಸದನ ದಾಟಿತು. ಸೇರುವ ತತ್ವಕ್ಕೆ ಆರು ದಿನ, ಹೊರಬಂದ ಮೇಲಿನ ಬದುಕಿಗೆ ಒಂದು ದಿನ.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೊಂದು ಮಾತು. ನಿಮ್ಮಲ್ಲಿರುವುದು ಭಾರತದ ಪಾಸ್‌ಪೋರ್ಟೇ ಆದರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಸಂಸತ್ ಚುನಾವಣೆಯಲ್ಲಿ ನಿಮಗೆ ಮತದ ಹಕ್ಕಿದೆ. ಯುರೋಪಿನ ಜೊತೆಗಿನ ಸಂಬಂಧ ನಿಮ್ಮ ಕೆಲಸಕ್ಕೋ ವ್ಯಾಪಾರಕ್ಕೋ ತಟ್ಟುತ್ತಿದ್ದರೆ ನಿಮ್ಮ ಸಂಸದರಿಗೆ ಪತ್ರ ಬರೆಯಿರಿ, ಚರ್ಚೆಗೆ ದಿನ ಕೇಳಿ ಎನ್ನಿ. ಪತ್ರ ಬುಧವಾರದೊಳಗೆ ಅವರ ಕೈ ಸೇರಲಿ.