ಗೂಢ ಸುಳಿವು: ಗೆಳೆಯನಿಗೆ ನೆರವಾಗುವ ಕ್ರಮ

ಪದಬಂಧ ಬಿಡಿಸುತ್ತ ನಡುವೆ ಸಿಕ್ಕಿಕೊಂಡವರು ಗೆಳೆಯರ ನೆರವು ಕೇಳುವುದು ಸಹಜವಾದರೂ, ಕೇಳಿದ ಕೂಡಲೇ ಉತ್ತರವನ್ನೇ ಹೇಳಿಬಿಡುವ ರೂಢಿಯಿಂದ ಅಂದಿನ ಚೌಕಗಳು ತುಂಬುತ್ತವೆಯೇ ಹೊರತು, ಮರುದಿನದ ಸುಳಿವನ್ನು ತಾವಾಗಿಯೇ ಬಿಡಿಸುವ ಶಕ್ತಿ ಕೇಳಿದವರಲ್ಲಿ ಬೆಳೆಯುವುದಿಲ್ಲ. ಆರ್ಥರ್ ವಿನ್ ರಚಿಸಿದ ಮೊದಲ ಪದಬಂಧ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಅಚ್ಚಾಯಿತು; ಗೂಢ ಸುಳಿವಿನ ಬಗೆ 1920ರ ದಶಕದ ಇಂಗ್ಲೆಂಡಿನಲ್ಲಿ ರೂಪುಗೊಂಡಿತು; ‘ದಿ ಹಿಂದೂ’ ಪತ್ರಿಕೆಯಲ್ಲಿ ಅದು 1971ರಿಂದ ಬರುತ್ತಿದೆ. ಕನ್ನಡ ಪತ್ರಿಕೆಗಳ ಪದಬಂಧಗಳಲ್ಲಿ ನೇರ ಅರ್ಥದ ಸುಳಿವುಗಳೇ ಹೆಚ್ಚಾಗಿದ್ದರೂ, ಅಲ್ಲಮನ ಬೆಡಗಿನ ವಚನಗಳನ್ನೂ ಕನಕದಾಸರ ಮುಂಡಿಗೆಗಳನ್ನೂ ಪಡೆದ ಭಾಷೆಗೆ ಗೂಢೋಕ್ತಿ ಹೊಸದಲ್ಲ.

ಗೂಢ ಸುಳಿವಿನಲ್ಲಿ ಎರಡು ಭಾಗಗಳಿರುತ್ತವೆ. ಉತ್ತರದ ಅರ್ಥವನ್ನು ನೇರವಾಗಿ ಹೇಳುವ ‘ಅರ್ಥಭಾಗ’ ಒಂದು. ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟಿಕೊಡುವ ‘ಆಟದ ಭಾಗ’ ಇನ್ನೊಂದು. ಅರ್ಥಭಾಗ ಸಾಮಾನ್ಯವಾಗಿ ಸುಳಿವಿನ ಆರಂಭದಲ್ಲಿ ಇಲ್ಲವೇ ಕೊನೆಯಲ್ಲಿ ಇರುತ್ತದೆ, ನಡುವೆ ಇರುವುದಿಲ್ಲ. ‘ದನದ ಮನೆಗೆ ಮಾಲೆ ತೊಡಿಸಿದರೆ ಬಣಕಲ್ ನೆರೆಯ ಊರು (5)’ ಎಂಬ ಸುಳಿವಿನಲ್ಲಿ ದನದ ಮನೆ ಎಂದರೆ ಕೊಟ್ಟಿಗೆ, ಮಾಲೆ ಎಂದರೆ ಹಾರ. ಎರಡನ್ನೂ ಜೋಡಿಸಿದರೆ ಚಾರ್ಮಾಡಿ ಘಾಟಿಯ ದಾರಿಯ ಕೊಟ್ಟಿಗೆಹಾರ ದೊರೆಯುತ್ತದೆ. ಆವರಣದ ಅಂಕೆ ಚೌಕಗಳ ಸಂಖ್ಯೆಯನ್ನು ತಿಳಿಸುತ್ತದೆ.

ನೆರವು ಕೇಳುವವರ ಮೊದಲ ಹೊಣೆಯೆಂದರೆ ಸುಳಿವನ್ನು ಅಚ್ಚಾದಂತೆಯೇ, ಅಂಕೆಯನ್ನೂ ಈಗಾಗಲೇ ದೊರೆತ ಅಡ್ಡಹಾಯುವ ಅಕ್ಷರಗಳನ್ನೂ ಸೇರಿಸಿ ತಿಳಿಸುವುದು. ಮಲೆನಾಡಿನ ಮಳೆಗಾಲದಲ್ಲಿ ಫೋನಿನ ದನಿ ಕಡಿದು ಕಡಿದು ಬರುವಾಗ ‘ದನದ ಮನೆ’ ಎಂಬುದು ‘ಧನದ ಮನೆ’ ಎಂದು ಕೇಳಿಸಿದರೆ, ನೆರವಾಗುವವರು ಬೊಕ್ಕಸ, ಖಜಾನೆ ಎಂದು ಹುಡುಕುತ್ತ ಸಂಜೆಯನ್ನೇ ಕಳೆಯಬೇಕಾಗುತ್ತದೆ. ಆದ್ದರಿಂದ ಅಲ್ಪಪ್ರಾಣ ಮಹಾಪ್ರಾಣಗಳನ್ನೂ, ಲಕಾರ ಳಕಾರಗಳನ್ನೂ, ಶ ಷ ಸಗಳನ್ನೂ ಬಿಡಿಸಿ ಹೇಳುವುದು, ಸಾಧ್ಯವಾದರೆ ಬರೆದೇ ಕಳುಹಿಸುವುದು ಲೇಸು.

ನೆರವಾಗುವವರು ಎಡವುವುದು ಬಹುಮಟ್ಟಿಗೆ ಇದರ ಮುಂದಿನ ಹಂತದಲ್ಲಿ, ಮತ್ತು ಈ ಎಡವಟ್ಟು ಎಷ್ಟು ಸಾಮಾನ್ಯವೆಂದರೆ ಅದನ್ನು ತಪ್ಪೆಂದು ಗುರುತಿಸುವವರೇ ವಿರಳ. ಉತ್ತರ ಹೇಳಬಾರದೆಂದು ಬಲ್ಲವರೂ ಅದರ ಬದಲಿಗೆ ಸಮಾನಾರ್ಥಕಗಳನ್ನು ಒಂದರ ಮೇಲೊಂದರಂತೆ ಒದಗಿಸುತ್ತಾರೆ. ‘ಹೊಸ ಮರದೊಳಗೆ ಯುದ್ಧ (3)’ ಎಂಬುದಕ್ಕೆ ನೆರವು ಕೇಳಿದವರಿಗೆ ‘ಕಾಳಗಕ್ಕೆ ಇನ್ನೊಂದು ಹೆಸರು’ ಎಂದರೆ ಅವರು ಕದನ, ಸಮರ ಎಂದು ಮೂರಕ್ಷರದ ಪದಗಳನ್ನೆಲ್ಲ ಊಹಿಸತೊಡಗಿ, ಅಡ್ಡಹಾಯುವ ಅಕ್ಷರಕ್ಕೆ ಹೊಂದಿದ ಒಂದನ್ನು ಬರೆದುಬಿಡುತ್ತಾರೆ. ಆ ಊಹೆ ತಪ್ಪಾಗಿದ್ದರೆ ಅದನ್ನು ಹಾಯ್ದುಹೋಗುವ ಪದಗಳೂ ಕೆಡುತ್ತವೆ, ಸರಿಯಾಗಿದ್ದರೂ ಸುಳಿವಿನಲ್ಲಿ ಮರವೇಕೆ ಬಂತೆಂಬುದು ಅವರಿಗೆ ಹೊಳೆದಿರುವುದಿಲ್ಲ. ನೆರವಾಗುವವರು ಇಲ್ಲಿ ತೋರಿಸಬೇಕಾದುದು ಸುಳಿವು ಒಡೆಯುವ ಜಾಗವನ್ನು ಮಾತ್ರ: ‘ಯುದ್ಧ’ ಎಂಬುದು ಅರ್ಥಭಾಗ, ಉಳಿದುದು ಆಟ. ಅಷ್ಟರಿಂದಲೂ ಆಗದಿದ್ದರೆ ‘ಒಳಗೆ’ ಎಂಬ ಸೂಚಕ ಪದದತ್ತ, ಅಂದರೆ ಯಾವ ಆಟ ನಡೆದಿದೆ ಎಂದು ತಿಳಿಸುವ ಪದದತ್ತ, ಗಮನ ಸೆಳೆಯಬಹುದು. ಹೊಸ, ಮರ ಎಂಬ ಎರಡು ಪದಗಳ ಸಂಧಿಯಲ್ಲಿ ‘ಸಮರ’ ಅಡಗಿರುವುದನ್ನು ಕೇಳಿದವರೇ ಕಾಣಬೇಕು. ಆ ಕಾಣ್ಕೆಯನ್ನು ಅವರಿಂದ ಕಸಿದುಕೊಳ್ಳುವುದು ನೆರವಲ್ಲ. ಅಡ್ಡಹಾಯುವ ಇನ್ನೊಂದು ಅಕ್ಷರವನ್ನು ಕೊಡುವುದು ಇದರ ನಂತರದ ಮೆಟ್ಟಿಲು. ಇಡೀ ಉತ್ತರ ಕಟ್ಟಕಡೆಯದು, ಅದೂ ವಿವರಣೆಯೊಂದಿಗೆ. ಉತ್ತರವನ್ನು ತಾವೇ ಕಂಡುಕೊಂಡವರೂ ಎರಡು ಭಾಗಗಳು ಹೇಗೆ ಕೂಡುತ್ತವೆಂದು ಗೆಳೆಯರಿಗೆ ಬಿಡಿಸಿ ಹೇಳಿದ ಮೇಲೆಯೇ ಶಾಯಿಯಲ್ಲಿ ಬರೆಯುವುದು ಒಳ್ಳೆಯದು.

ಆಟದ ಬಗೆಗಳಲ್ಲಿ ತಿರುಗುಮುರುಗು ಸುಲಭವಾದುದು: ‘ಹಾರವನ್ನು ತಿರುಗಿಸಿದರೆ ಹಣ್ಣಿನ ಸಾರ (2)’ ಎಂಬಲ್ಲಿ ಸರವು ರಸವಾಗುತ್ತದೆ. ಅಕ್ಷರಪಲ್ಲಟದಲ್ಲಿ, ಅಂದರೆ ಅಕ್ಷರಗಳ ಸ್ಥಾನ ಬದಲಿಸುವ ಆಟದಲ್ಲಿ, ‘ಮದನ ಚೆಲ್ಲಾಪಿಲ್ಲಿಯಾದರೆ ಹತ್ತಿಕ್ಕುವಿಕೆ (3)’ ಎಂಬುದಕ್ಕೆ ಉತ್ತರ ‘ದಮನ’. ಒಂದೇ ಪದಕ್ಕೆ ಎರಡು ಅರ್ಥಭಾಗಗಳನ್ನು ಕೊಡುವ ಬಗೆಯೂ ಉಂಟು. ‘ಗೋಪುರದ ತುದಿಯಲ್ಲೂ ಭದ್ರೆಯ ದಡದಲ್ಲೂ ಇರುವುದು (3)’ ಎಂದರೆ ಕಳಸ. ಇಂಗ್ಲಿಷ್ ಪದಬಂಧದಲ್ಲಿ ಪಳಗಿದವರು ಕನ್ನಡಕ್ಕೆ ಬಂದಾಗ ಸ್ವರಚಿಹ್ನೆಗಳನ್ನೂ ಬೇರೆಯಾಗಿ ಎಣಿಸಿ ಗೊಂದಲಕ್ಕೀಡಾಗುತ್ತಾರಾದ್ದರಿಂದ, ಗುಣಿತಾಕ್ಷರವಾಗಲಿ ಒತ್ತಕ್ಷರವಾಗಲಿ ಇಡಿಯಾಗಿ ಒಂದೇ ಚೌಕದಲ್ಲಿ ಕೂರುತ್ತದೆಂದು ಗೆಳೆಯರು ಅವರಿಗೆ ಮೊದಲೇ ತಿಳಿಸಬೇಕು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ 1980ರ ಕಾದಂಬರಿ ‘ಕರ್ವಾಲೊ’ ಮೂರೇ ಚೌಕಗಳದ್ದು. ಬಣಕಲ್ ಎಂಬುದರ ಕೊನೆಯ ಅರ್ಧಾಕ್ಷರಕ್ಕೆ ಮಾತ್ರ ಸಾಮಾನ್ಯವಾಗಿ ಪ್ರತ್ಯೇಕ ಚೌಕವಿರುವುದರಿಂದ ಅದು ನಾಲ್ಕರದ್ದು. ವಿಭಕ್ತಿ ಪ್ರತ್ಯಯಗಳ ವಿಷಯದಲ್ಲೂ ಎಚ್ಚರ ಬೇಕು: ‘ಮದನನ’ ಎಂದಿದ್ದರೆ ಆ ಹೆಚ್ಚುವರಿ ನಕಾರ ಆಟಕ್ಕೆ ಸೇರಿದೆಯೋ ಇಲ್ಲವೋ ಎಂಬುದನ್ನು ಅಂಕೆಯೇ ನಿರ್ಧರಿಸುತ್ತದೆ.

ಗುಂಪಿನಲ್ಲಿ ಕುಳಿತಾಗ ಉತ್ತರ ಹೊಳೆದವರು ಕೂಗದೆ, ಉಳಿದವರಿಗೆ ಕೆಲವು ನಿಮಿಷಗಳ ಅವಕಾಶ ಕೊಡಬೇಕು. ನಿಘಂಟನ್ನು ಕೊನೆಗೆ ತೆರೆಯಬೇಕು. ಬಿಡಿಸುವ ಕೈ ಪಳಗಿದ ಮೇಲೆ ಪರಸ್ಪರರಿಗೆ ಸುಳಿವು ರಚಿಸಿ ಕೊಡುವುದು ಮುಂದಿನ ಹೆಜ್ಜೆ, ಸುತ್ತಲಿನ ಊರ ಹೆಸರುಗಳೇ ಅದಕ್ಕೆ ತಕ್ಕ ಸಾಮಗ್ರಿ. ಅಭ್ಯಾಸಕ್ಕೊಂದು: ‘ಕಾಣಿಸಿಕೊಂಡು ಗೀಟಾದ ತಾಲ್ಲೂಕು (4)’. ಅರ್ಥಭಾಗ ಕೊನೆಯಲ್ಲಿದೆ.