ಮನದ ನೋವಿಗೆ ಬಣ್ಣದ ಆಸರೆ

ಗೋವಾದ ವಾಸ್ಕೋ, ಝುವಾರಿನಗರದ ಕಡೆ ನಮ್ಮ ಮಂದಿ ಬಹಳ ಇದ್ದಾರೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದಿಂದ ದುಡಿಯಲು ಬಂದವರು. ಕೆಲವರು ಗೌಂಡಿ ಕೆಲಸ ಮಾಡುತ್ತಾರೆ. ಕೆಲವರು ಮನೆಗೆಲಸಕ್ಕೆ ಹೋಗುತ್ತಾರೆ. ಊರು ಬಿಟ್ಟು ಬರುವಾಗ ಗಂಟುಮೂಟೆಯ ಜೊತೆ ಚಿಂತೆಯೂ ಬರುತ್ತದೆ. ಸಾಲದ ಚಿಂತೆ. ಊರಲ್ಲಿ ಬಿಟ್ಟು ಬಂದ ಮಕ್ಕಳ ಚಿಂತೆ.

ಮೈಗೆ ಗಾಯವಾದರೆ ಕಣ್ಣಿಗೆ ಕಾಣುತ್ತದೆ. ಮನಸ್ಸಿನ ಗಾಯ ಕಾಣುವುದಿಲ್ಲ. ಎಷ್ಟೋ ಸಲ ಅದನ್ನು ಹೇಳಲು ಮಾತೂ ಸಿಗುವುದಿಲ್ಲ.

"ಯಾಕಕ್ಕಾ, ಸುಮ್ಮನ ಕುಂತೀಯಲ್ಲ?"
"ಏನ್ ಹೇಳಲವ್ವಾ, ಹೇಳಾಕ ಬಾಯಿ ಬರವಲ್ದು."

ಹೀಗೆ ಬಾಯಿ ಬಾರದಾಗ ಕೈ ಮಾತಾಡಬಹುದು. ಇದೇ ಕಲಾ ಚಿಕಿತ್ಸೆಯ ಮೂಲ.

ಕಲಾ ಚಿಕಿತ್ಸೆ ಎಂದರೇನು?

ನೊಂದವರು ಚಿತ್ರ ಬರೆಯುತ್ತಾರೆ. ಬಣ್ಣ ಹಚ್ಚುತ್ತಾರೆ. ಮಣ್ಣಿನಲ್ಲಿ ಗೊಂಬೆ ಮಾಡುತ್ತಾರೆ. ತರಬೇತಿ ಪಡೆದ ಒಬ್ಬರು ಜೊತೆಗೆ ಕೂತಿರುತ್ತಾರೆ. ಚಿತ್ರ ಚೆಂದ ಇರಬೇಕೆಂದೇನೂ ಇಲ್ಲ. ಯಾರೂ ಮಾರ್ಕು ಹಾಕುವುದಿಲ್ಲ. "ಈ ಮನೆ ಬಗ್ಗೆ ಹೇಳ್ರಿ" ಎಂದು ಮೆಲ್ಲಗೆ ಕೇಳುತ್ತಾರೆ. ಚಿತ್ರದ ಮನೆಯ ಬಗ್ಗೆ ಹೇಳುತ್ತಾ ಹೇಳುತ್ತಾ ತನ್ನ ಮನೆಯ ಮಾತು ಹೊರಗೆ ಬರುತ್ತದೆ. ಎದೆ ಹಗುರಾಗುತ್ತದೆ.

ಈ ಹೆಸರು ಇಟ್ಟವರು ಇಂಗ್ಲೆಂಡಿನ ಚಿತ್ರಗಾರ ಏಡ್ರಿಯನ್ ಹಿಲ್. ಅವರಿಗೆ 1938ರಲ್ಲಿ ಕ್ಷಯರೋಗ ಬಂತು. ಆಸ್ಪತ್ರೆಯಲ್ಲಿ ಮಲಗಿದ್ದಲ್ಲೇ ಚಿತ್ರ ಬರೆದರು. ಮನಸ್ಸಿಗೆ ಬಲ ಬಂತು. ಉಳಿದ ರೋಗಿಗಳಿಗೂ ಕಲಿಸಿದರು. 1942ರಲ್ಲಿ ಅದನ್ನು ಕಲಾ ಚಿಕಿತ್ಸೆ ಎಂದು ಕರೆದರು.

ನಮ್ಮ ಕೌದಿ

ಕೈಕೆಲಸದ ಸಮಾಧಾನ ನಮಗೆ ಹೊಸದಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ಅವರಲ್ಲಿ ಕೆಲವರು ತಪ್ಪಿಸಿಕೊಂಡು ಕಾಡು ಸೇರಿದರು. ಇವರು ಈ ಸಿದ್ದಿಗಳ ಪೂರ್ವಜರಲ್ಲಿ ಸೇರಿದ್ದಾರೆ. ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ 'ಫೂಲ' ಅಂದರೆ ಹೂವು ಇಡುತ್ತಾರೆ. ಹೂವಿಲ್ಲದಿದ್ದರೆ ಕೌದಿ ಬತ್ತಲೆ ಎನ್ನುತ್ತಾರೆ. ನಮ್ಮ ಬಯಲುಸೀಮೆಯ ಅವ್ವಂದಿರೂ ಕೌದಿ ಹೊಲಿಯುತ್ತಾರೆ. ಹೊಲಿಯುವಾಗ ಗಮನ ಸೂಜಿಯ ಮೇಲೆ ನಿಲ್ಲುತ್ತದೆ. ಚಿಂತೆ ಸ್ವಲ್ಪ ದೂರ ಸರಿಯುತ್ತದೆ. ಪಕ್ಕದವರ ಜೊತೆ ಕಷ್ಟಸುಖ ಮಾತಾಡಬಹುದು. ಒಂದು ಕೆಲಸ ಮುಗಿಸಿದೆ ಎಂಬ ಧೈರ್ಯವೂ ಬರುತ್ತದೆ.

ಗೋವಾದಲ್ಲಿ ಕಂಡದ್ದು

ಗೋವಾದ ಸಂಗಾತ್ ಸಂಸ್ಥೆ 10 ಆರೋಗ್ಯ ಕೇಂದ್ರಗಳಲ್ಲಿ ಒಂದು ಪರೀಕ್ಷೆ ಮಾಡಿತು. ಖಿನ್ನತೆಯಿಂದ ಬಳಲುವ ಸುಮಾರು 500 ಮಂದಿ ಅದರಲ್ಲಿದ್ದರು. ಅರ್ಧ ಮಂದಿಗೆ ಎಂದಿನ ಆರೈಕೆ ಮಾತ್ರ ಸಿಕ್ಕಿತು. ಉಳಿದವರ ಜೊತೆ ತರಬೇತಿ ಪಡೆದ ಸಾಮಾನ್ಯ ಜನರು ಕೂತು ಮಾತಾಡಿದರು. ಮನಸ್ಸಿಗೆ ಹಿತವಾದ ಕೆಲಸಗಳನ್ನು ಮತ್ತೆ ಶುರು ಮಾಡಿಸಿದರು. ಇದು ಕಲಾ ಚಿಕಿತ್ಸೆ ಅಲ್ಲ. ಆದರೆ ಹಿತವಾದ ಕೆಲಸ ಮನಸ್ಸನ್ನು ಎತ್ತುತ್ತದೆ ಎಂದು ತಿಳಿಯಿತು. ಮೂರು ತಿಂಗಳಲ್ಲಿ ಇವರಲ್ಲಿ ನೂರಕ್ಕೆ 64 ಮಂದಿಯ ಖಿನ್ನತೆ ಇಳಿದಿತ್ತು. ಎಂದಿನ ಆರೈಕೆ ಪಡೆದವರಲ್ಲಿ 39 ಮಂದಿಯದು ಮಾತ್ರ. ಈ ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

ಎಚ್ಚರ

ರಂಗೋಲಿ, ಕೌದಿ, ಚಿತ್ರ ಆಸರೆ ಕೊಡುತ್ತವೆ. ಆದರೆ ಅವು ವೈದ್ಯರ ಬದಲಿಗಲ್ಲ. ಶುರುವಾದ ಮಾತ್ರೆಯನ್ನು ತಾವಾಗಿ ಬಿಡಬಾರದು. ಎರಡು ವಾರ ನಿದ್ದೆ ಬಾರದೆ, ಊಟ ಸೇರದೆ, ಯಾವುದೂ ಬೇಡ ಅನಿಸಿದರೆ ವೈದ್ಯರಿಗೆ ತೋರಿಸಬೇಕು. ಸಾಯಬೇಕು ಅನಿಸಿದರೆ ಒಂದು ದಿನವೂ ಕಾಯಬಾರದು. ಗೋವಾದ ಬಾಂಬೋಳಿಯಲ್ಲಿ ಮಾನಸಿಕ ರೋಗಗಳ ಸರ್ಕಾರಿ ಆಸ್ಪತ್ರೆ ಇದೆ. 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆ. ದುಡ್ಡು ಕೊಡಬೇಕಿಲ್ಲ. "ಕನ್ನಡದಾಗ ಮಾತಾಡ್ಬೇಕ್ರಿ" ಎಂದು ಕೇಳಿ. ಮನಸ್ಸಿನ ಕಾಯಿಲೆ ನಾಚಿಕೆಯ ವಿಷಯವಲ್ಲ.

ಮಾಡಿ ನೋಡಿ

1. ಇವತ್ತು ನಿಮ್ಮ ಮನಸ್ಸು ಯಾವ ಬಣ್ಣದ್ದು? ಕಾಗದದ ಮೇಲೆ ಅದೇ ಬಣ್ಣ ಹಚ್ಚಿ.
2. ನಿಮ್ಮ ಊರಿನ ಮನೆಯ ಚಿತ್ರ ಬರೆಯಿರಿ. ಕೆಳಗೆ ಒಂದು ಸಾಲು ಬರೆಯಿರಿ.
3. ಇಷ್ಟವಿದ್ದರೆ ಮಾತ್ರ ಪಕ್ಕದವರಿಗೆ ತೋರಿಸಿ. ಅವರು ತೋರಿಸಿದರೆ ನಗಬೇಡಿ. ಕೇಳಿಸಿಕೊಳ್ಳಿ.

ಪ್ರಶ್ನೆಗಳು

1. ಕಲಾ ಚಿಕಿತ್ಸೆ ಎಂಬ ಹೆಸರು ಇಟ್ಟವರು ಯಾರು?
2. ಸಿದ್ದಿ ಹೆಂಗಸರು ಕೌದಿಯ ಮೂಲೆಗೆ ಏನು ಇಡುತ್ತಾರೆ?
3. ವೈದ್ಯರ ಬಳಿ ಯಾವಾಗ ಹೋಗಬೇಕು?